ಕಾಂಕ್ರೀಟ್‌ನಲ್ಲಿ ಕೈಗಾರಿಕಾ ಗಾಜಿನ ತ್ಯಾಜ್ಯ: ಮುಖ್ಯಾಂಶಗಳು

ಹಿನ್ನೆಲೆ

- ಪೋರ್ಟ್‌ಲ್ಯಾಂಡ್ ಸಿಮೆಂಟ್ ಪೇಟೆಂಟ್: ಜೋಸೆಫ್ ಆಸ್ಪ್‌ಡಿನ್, ಇಂಗ್ಲೆಂಡ್, 1824.
- ಕ್ಲಿಂಕರ್ ತಯಾರಿಕೆಯ ತಾಪಮಾನ: ಸುಮಾರು 1,450 ಡಿಗ್ರಿ ಸೆಲ್ಸಿಯಸ್.
- ಜಾಗತಿಕ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ ಪಾಲು: ಸುಮಾರು ಶೇ. 7–8. ಪ್ರಧಾನ ಮೂಲ: ಸುಣ್ಣಕಲ್ಲಿನ ವಿಘಟನೆ; ಇಂಧನ ದಹನ ಎರಡನೆಯದು.
- ಫ್ಲೋಟ್ ಗಾಜಿನ ವಿಧಾನ: ಅಲಸ್ಟೇರ್ ಪಿಲ್ಕಿಂಗ್ಟನ್, ಘೋಷಣೆ 1959, ಕರಗಿದ ತವರದ ಮೇಲೆ ಗಾಜಿನ ಹಾಳೆ.
- ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಗಾಜು ವರ್ಷ: 2022.

ತ್ಯಾಜ್ಯದ ಮೂಲಗಳು

- ಸೋಡಾ-ಸುಣ್ಣ ಗಾಜು: ಬಾಟಲಿ, ಕಿಟಕಿ ಗಾಜು, ಕಾರ್ಖಾನೆಯ ಕತ್ತರಿಕೆ ಚೂರು, ಪಾಲಿಷ್ ಕೆಸರು.
- ಇ-ಗಾಜು: ಗಾಜಿನ ನಾರು ಕಾರ್ಖಾನೆಗಳ ತ್ಯಾಜ್ಯ, ಕ್ಷಾರಾಂಶ ಅತ್ಯಲ್ಪ.
- ಹಳೆಯ ಟಿವಿ, ಕಂಪ್ಯೂಟರ್ ಪರದೆಯ ಕೊಳವೆ ಗಾಜು: ಹಿಂಭಾಗದಲ್ಲಿ ಸೀಸದ ಆಕ್ಸೈಡ್ ಸುಮಾರು ಶೇ. 20, ಸೀಸ ಸೋರಿಕೆಯ ಅಪಾಯ.
- ಕುಲುಮೆಗೆ ಹಿಂತಿರುಗದ ಗಾಜು: ಬಣ್ಣ ಬೆರೆತದ್ದು, ಪ್ಲಾಸ್ಟಿಕ್ ಪದರ ಅಂಟಿದ್ದು, ಪಿಂಗಾಣಿ ಚೂರು ಸೇರಿದ್ದು, ಅತಿ ನುಣ್ಣನೆಯ ಪುಡಿ.

ಸೋಡಾ-ಸುಣ್ಣ ಗಾಜಿನ ಅಂಶಗಳು

- ಸಿಲಿಕಾ: ಶೇ. 70–73; ಸೋಡಿಯಂ ಆಕ್ಸೈಡ್: ಶೇ. 12–15, ಕ್ಯಾಲ್ಸಿಯಂ ಆಕ್ಸೈಡ್: ಶೇ. 9–12.
- ರಚನೆ: ಅಸ್ಫಟಿಕ. ನೀರು ಹೀರಿಕೆ: ಬಹುತೇಕ ಶೂನ್ಯ.
- ಸಾಪೇಕ್ಷ ಸಾಂದ್ರತೆ: ಗಾಜು ಸುಮಾರು 2.5, ಪೋರ್ಟ್‌ಲ್ಯಾಂಡ್ ಸಿಮೆಂಟ್ ಸುಮಾರು 3.15.

ನಿರ್ಣಾಯಕ ಅಂಶ: ಕಣಗಾತ್ರ

- ಒರಟು ಗಾಜು: ಕ್ಷಾರ-ಸಿಲಿಕಾ ಪ್ರತಿಕ್ರಿಯೆ, ನೀರು ಹೀರಿ ಉಬ್ಬುವ ಜೆಲ್, ಕಾಂಕ್ರೀಟ್‌ನಲ್ಲಿ ಬಿರುಕು.
- ಪ್ರತಿಕ್ರಿಯೆಯ ಮೊದಲ ನಿರೂಪಣೆ: ಥಾಮಸ್ ಸ್ಟ್ಯಾಂಟನ್, ಕ್ಯಾಲಿಫೋರ್ನಿಯಾ, 1940.
- 75 ಮೈಕ್ರಾನ್‌ಗಿಂತ ಸಣ್ಣ ಕಣ: ಪೊಜೊಲಾನ ಗುಣ. 38 ಮೈಕ್ರಾನ್‌ಗಿಂತ ಸಣ್ಣ ಕಣ: ಇನ್ನೂ ಹೆಚ್ಚು ಕ್ರಿಯಾಶೀಲ.
- ಪೊಜೊಲಾನ ಕ್ರಿಯೆ: ಸಿಲಿಕಾ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ನೀರು = ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್.
- ಪೊಜೊಲಾನ ಹೆಸರಿನ ಮೂಲ: ಪೊಟ್ಸುವೊಲಿ, ನೇಪಲ್ಸ್ ಬಳಿ, ಇಟಲಿ.
- ಉಬ್ಬುವಿಕೆಯ ತಡೆ: ಹಾರುಬೂದಿ, ಊದುಕುಲುಮೆ ಕಿಟ್ಟ, ಮೆಟಾಕಯೋಲಿನ್, ಲಿಥಿಯಂ ಲವಣಗಳು.
- ಲಿಥಿಯಂ ಲವಣಗಳ ಪರಿಣಾಮದ ವರದಿ: ಮೆಕಾಯ್ ಮತ್ತು ಕಾಲ್ಡ್‌ವೆಲ್, 1951.

ಗಾರೆ ಪಟ್ಟಿ ಪರೀಕ್ಷೆ (ಎಎಸ್‌ಟಿಎಂ ಸಿ 1260)

- ಮಾದರಿ: 25 × 25 × 285 ಮಿ.ಮೀ. ಗಾರೆ ಪಟ್ಟಿ.
- ದ್ರಾವಣ: 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್, 80 ಡಿಗ್ರಿ ಸೆಲ್ಸಿಯಸ್, 14 ದಿನ.
- ಉದ್ದದ ಹಿಗ್ಗುವಿಕೆ ಶೇ. 0.10ಕ್ಕಿಂತ ಕಡಿಮೆ: ನಿರಪಾಯ. ಶೇ. 0.20ಕ್ಕಿಂತ ಹೆಚ್ಚು: ಹಾನಿಕರ. ನಡುವಿನದು: ಹೆಚ್ಚುವರಿ ಪರೀಕ್ಷೆ ಅಗತ್ಯ.

ಗಾಜಿನ ಪುಡಿ ಕಾಂಕ್ರೀಟ್‌ನ ಗುಣಗಳು

- 7 ದಿನದ ಸಾಮರ್ಥ್ಯ: ಸಾಮಾನ್ಯ ಕಾಂಕ್ರೀಟ್‌ಗಿಂತ ಕಡಿಮೆ. 90 ದಿನದ ಸಾಮರ್ಥ್ಯ: ಸಮ ಅಥವಾ ಹೆಚ್ಚು, ಸೂಕ್ತ ಪ್ರಮಾಣದಲ್ಲಿ ಮಾತ್ರ.
- ಕ್ಲೋರೈಡ್ ಒಳನುಸುಳುವಿಕೆ: ಇಳಿಕೆ, ಕಬ್ಬಿಣದ ತುಕ್ಕಿಗೆ ತಡೆ.
- ಮರಳಿನ ಬದಲು ಚೂರು: ಚೂಪು ಅಂಚು, ನಯ ಮೈ, ಸಿಮೆಂಟ್ ಹಿಡಿತ ದುರ್ಬಲ.
- ಇತರ ಉತ್ಪನ್ನಗಳು: ಪೇವರ್ ಬ್ಲಾಕ್, ಟೆರಾಝೊ, ನೊರೆಗಾಜಿನ ಹಗುರ ಜಲ್ಲಿ.

ಪ್ರಥಮಗಳು, ಮಾನದಂಡಗಳು

- ಗಾಜಿನ ಮರುಬಳಕೆಗೆ ಸಂಶೋಧನಾ ಪೀಠ: ಶೆರ್‌ಬ್ರೂಕ್ ವಿಶ್ವವಿದ್ಯಾಲಯ, ಕ್ವಿಬೆಕ್, ಕೆನಡಾ, 2004. ಪ್ರಾಧ್ಯಾಪಕ: ಅರೆಝ್ಕಿ ತಾಗ್ನಿಟ್-ಹಮು. ಪ್ರಾಯೋಜಕತ್ವ: ಕ್ವಿಬೆಕ್ ಸರ್ಕಾರದ ಮದ್ಯ ಮಾರಾಟ ನಿಗಮ.
- ಕೆನಡಾ ಮಾನದಂಡದಲ್ಲಿ ಗಾಜಿನ ಪುಡಿ ಸೇರ್ಪಡೆ: ಸಿಎಸ್ಎ ಎ 3000, 2018.
- ಅಮೆರಿಕದ ಮಾನದಂಡ: ಎಎಸ್‌ಟಿಎಂ ಸಿ 1866, 2020. ವರ್ಗಗಳು: ಜಿಎಸ್ (ಸೋಡಾ-ಸುಣ್ಣ ಗಾಜು), ಜಿಇ (ಇ-ಗಾಜು).
- ಡಾರ್ವಿನ್ ಸೇತುವೆಗಳು, ನನ್ಸ್ ಐಲ್ಯಾಂಡ್, ಮಾಂಟ್ರಿಯಲ್: ಮರುನಿರ್ಮಾಣ 2020–21, ಸಿಮೆಂಟ್‌ನ ಶೇ. 10ರ ಬದಲು ಗಾಜಿನ ಪುಡಿ. ಪುಡಿಯ ಪ್ರಮಾಣ 40,000 ಕೆ.ಜಿ.; ಸರಿಸುಮಾರು 70,000 ವೈನ್ ಬಾಟಲಿ. ಈ ಬಗೆಯಲ್ಲಿ ವಿಶ್ವದ ಮೊದಲ ಸೇತುವೆಗಳೆಂಬುದು ನಗರಾಡಳಿತದ ಹೇಳಿಕೆ.

ಭಾರತ

- ಗಾಜು ನಗರಿ: ಫಿರೋಜಾಬಾದ್, ಉತ್ತರ ಪ್ರದೇಶ, ಬಳೆ ಉದ್ಯಮ, ಭೌಗೋಳಿಕ ಸೂಚ್ಯಂಕ ಮಾನ್ಯತೆ.
- ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆ: ಕೋಲ್ಕತ್ತ, 1950, ಸಿಎಸ್ಐಆರ್ ಅಧೀನ.
- ಐಎಸ್ 383:2016 — ಜಲ್ಲಿ, ಮರಳಿನ ಮಾನದಂಡ; ಕಬ್ಬಿಣ, ಉಕ್ಕು, ತಾಮ್ರದ ಕಿಟ್ಟ ಹಾಗೂ ಮರುಬಳಕೆ ಕಾಂಕ್ರೀಟ್ ಜಲ್ಲಿಗೆ ಅವಕಾಶ.
- ಐಎಸ್ 1727:1967 — ಪೊಜೊಲಾನ ಪರೀಕ್ಷಾ ವಿಧಾನಗಳು.
- ಐಎಸ್ 18189:2023 — ಸುಟ್ಟ ಜೇಡಿ-ಸುಣ್ಣಕಲ್ಲು ಸಿಮೆಂಟ್.
- ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022: ಜಾರಿ 1 ಏಪ್ರಿಲ್ 2023, ಸೌರ ಫಲಕಗಳೂ ವ್ಯಾಪ್ತಿಯಲ್ಲಿ.
- ಕಟ್ಟಡ ತ್ಯಾಜ್ಯ ನಿಯಮಗಳು: ಮೊದಲು 2016, ಹೊಸ ನಿಯಮಗಳು 2025, ಜಾರಿ ದಿನಾಂಕ 1 ಏಪ್ರಿಲ್ 2026, ಉತ್ಪಾದಕರ ವಿಸ್ತೃತ ಹೊಣೆಗಾರಿಕೆ.

ಗೊಂದಲ ಬೇಡ

- ಗಾಜಿನ ಪುಡಿ: ಸಿಮೆಂಟ್‌ಗೆ ಭಾಗಶಃ ಬದಲಿ. ಗಾಜಿನ ಚೂರು: ಮರಳು, ಜಲ್ಲಿಗೆ ಬದಲಿ.
- ಗಾಜಿನ ನಾರಿನ ಕಾಂಕ್ರೀಟ್: ತ್ಯಾಜ್ಯ ಬಳಕೆ ಅಲ್ಲ, ಝಿರ್ಕೋನಿಯಾ ಸೇರಿದ ಕ್ಷಾರನಿರೋಧಕ ನಾರು.
- ಸಂಬಂಧಿತ ಸುಸ್ಥಿರ ಅಭಿವೃದ್ಧಿ ಗುರಿಗಳು: 9, 11, 12, 13. ತ್ಯಾಜ್ಯ ಇಳಿಕೆಯ ಉಪಗುರಿ: 12.5, ಗಡುವು 2030.