ವೀಣೆಯ ಕುದುರೆ ಮತ್ತು ನಾದಶುದ್ಧಿ

ತಂತಿವಾದ್ಯಗಳ ಅಂಗೋಪಾಂಗಗಳಲ್ಲಿ ಗಾತ್ರದಿಂದ ಕಿರಿದಾದರೂ ಕಾರ್ಯದಿಂದ ಹಿರಿದಾದುದು ಕುದುರೆ. ವೀಣೆಯ ಕೊಡದ ಮೇಲ್ಹಲಗೆಯ ಮೇಲೆ ನಿಂತು ತಂತಿಗಳನ್ನು ಹೊತ್ತಿರುವ ಮರದ ಪೀಠಕ್ಕೆ ಈ ಹೆಸರು. ಹಿಂದಿಯ ‘ಘೋಡಿ’ ಎಂಬ ಮಾತಿಗೆ ಹೆಣ್ಣುಕುದುರೆಯೆಂದೇ ಅರ್ಥ. ಫ್ರೆಂಚ್ ಭಾಷೆಯ ‘ಶವಲೆ’ ಎಂಬುದಕ್ಕೂ ಮೂಲದಲ್ಲಿ ಕಿರುಗುದುರೆಯೆಂಬ ಅರ್ಥವುಂಟು. ದೂರದೂರದ ಭಾಷೆಗಳು ಒಂದೇ ಹೋಲಿಕೆಯನ್ನು ಕಂಡುಕೊಂಡಿರುವುದು ಗಮನಾರ್ಹವಾಗಿದೆ. ತಂತಿಯು ಬಲು ಸಣ್ಣದಾದುದರಿಂದ ತಾನೊಂದೇ ಗಾಳಿಯನ್ನು ಹೆಚ್ಚಾಗಿ ಕದಲಿಸಲಾರದು. ಅದರ ಕಂಪನವನ್ನು ಹಲಗೆಗೆ ಮುಟ್ಟಿಸಿ, ಕೊಡವನ್ನು ನುಡಿಸುವುದೇ ಕುದುರೆಯ ಕಾರ್ಯ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಂತಹ ಬಡಾವಣೆಗಳ ಮನೆಗಳಲ್ಲಿ ಹಿರಿಯರು ನುಡಿಸುತ್ತಿದ್ದ ವೀಣೆ ‘ನಾದ ಹೋಯಿತು’ ಎಂಬ ಕಾರಣಕ್ಕೆ ಮೂಲೆ ಸೇರುವುದುಂಟು. ಕಲಿಯುವ ಮಗುವಿಗೆ ಶ್ರುತಿಜ್ಞಾನವಿಲ್ಲವೆಂದು ಪಾಠ ನಿಲ್ಲಿಸುವುದೂ ಉಂಟು. ಇವೆರಡಕ್ಕೂ ಎಷ್ಟೋ ವೇಳೆ ಕಾರಣ ವಾದ್ಯವೂ ಅಲ್ಲ, ಮಗುವೂ ಅಲ್ಲ; ಸರಿಯಾಗಿ ಕೂಡದ ಕುದುರೆ. ಆದುದರಿಂದ ಅದರ ಹೊಂದಾಣಿಕೆಯ ನಾಲ್ಕು ಅಂಶಗಳನ್ನು ಬೋಧಕರು ತಿಳಿದಿರುವುದು ಅವಶ್ಯಕ.

ಮೊದಲನೆಯದು ಪಾದ. ಕುದುರೆಯ ಪಾದಗಳು ಹಲಗೆಗೆ ಸಂದಿಲ್ಲದೆ ಅಂಟಿದಂತೆ ಕುಳಿತಿರಬೇಕು. ನಡುವೆ ಸೂಕ್ಷ್ಮ ಅಂತರವಿದ್ದರೂ ಕಂಪನ ಪೂರ್ಣವಾಗಿ ದಾಟದೆ ನಾದ ಮಂಕಾಗುತ್ತದೆ.

ಎರಡನೆಯದು ಎತ್ತರ. ಕುದುರೆ ಹೆಚ್ಚು ಎತ್ತರವಾದರೆ ತಂತಿಯನ್ನು ಮೆಟ್ಟಿಲಿಗೆ ಒತ್ತುವಾಗ ಬಿಗಿ ಹೆಚ್ಚಿ, ಸ್ವರವು ತನ್ನ ಸ್ಥಾನವನ್ನು ಮೀರಿ ಏರುತ್ತದೆ. ಎಳೆಯ ಬೆರಳುಗಳು ನೋಯುತ್ತವೆ. ತೀರ ತಗ್ಗಾದರೆ ಕಂಪಿಸುವ ತಂತಿ ಮುಂದಿನ ಮೆಟ್ಟಿಲುಗಳಿಗೆ ತಾಗಿ ಕರಕರ ಸದ್ದು ಮಾಡುತ್ತದೆ.

ಮೂರನೆಯದು ಸ್ಥಾನ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವಾಗ ಕುದುರೆಯ ನೆಲೆಯೇ ಅಳತೆಗೆ ಆಧಾರ. ಸಾಮಾನ್ಯವಾಗಿ ತಂತಿಗಳ ಒತ್ತಡದಿಂದಲೇ ನಿಲ್ಲುವ ಕುದುರೆ ಸ್ವಲ್ಪ ಸರಿದರೂ ಮೇಳವೆಲ್ಲ ಕೆಡುತ್ತದೆ. ಇದರ ಪರೀಕ್ಷೆ ಸುಲಭ. ಸಾರಣಿಯ ನಡುಭಾಗವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿದರೆ ಮೇಲಿನ ಷಡ್ಜ ಕೇಳುತ್ತದೆ. 12ನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದ ಸ್ವರ ಅದಕ್ಕೆ ಸಮನಾಗಿರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಮೆಟ್ಟಿಲುಗಳಿಂದ ಕೂದಲೆಳೆಯಷ್ಟು ದೂರಕ್ಕೂ, ಇಳಿದಿದ್ದರೆ ಹತ್ತಿರಕ್ಕೂ ಸರಿಸಬೇಕು. ಸರಿಸುವ ಮುನ್ನ ತಂತಿಗಳನ್ನು ಸಡಿಲಿಸಬೇಕು.

ನಾಲ್ಕನೆಯದೂ ಅತ್ಯಂತ ಸೂಕ್ಷ್ಮವಾದುದೂ ಮೇಲ್ಮೈ. ಪಿಟೀಲಿನ ಕುದುರೆಯ ಅಂಚು ತೆಳುವಾದುದು, ವೀಣೆಯದು ಅಗಲವಾದುದು. ಅದರ ಮೇಲೆ ಕೂರಿಸಿದ ಲೋಹದ ತಗಡಿಗೆ ನವಿರಾದ ಬಾಗು ಇರುತ್ತದೆ. ಕಂಪಿಸುವ ತಂತಿ ಈ ಬಾಗನ್ನು ಸವರುತ್ತ ಮುಟ್ಟಿ ಬಿಡುವುದರಿಂದ ಮೂಲಸ್ವರದೊಡನೆ ಅನುಸ್ವರಗಳು ಹೊಮ್ಮುತ್ತವೆ. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ನೂಲೆಳೆಯನ್ನಿಟ್ಟು ‘ಜೀವ’ ತರುವುದು ಇದಕ್ಕಾಗಿಯೇ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಅನುಸ್ವರ ನಿಶ್ಚಲವಾಗಿರಬೇಕೋ ಅದು ಹುಟ್ಟದೆಂಬುದು ಹಳೆಯ ನಿಯಮ. ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1921ರ ಲೇಖನವೊಂದರಲ್ಲಿ, ವೀಣೆ ತಂಬೂರಿಗಳು ಈ ನಿಯಮವನ್ನು ಮೀರುತ್ತವೆಂದೂ ಅದಕ್ಕೆ ಕುದುರೆಯ ರಚನೆಯೇ ಕಾರಣವೆಂದೂ ತೋರಿಸಿದರು. ಕುಶಲಕರ್ಮಿಗಳು ಕಿವಿಯಿಂದ ಸಾಧಿಸಿದ್ದುದನ್ನು ವಿಜ್ಞಾನ ಹೀಗೆ ಮನ್ನಿಸಿತು. ಕಾಲಕ್ರಮದಲ್ಲಿ ತಂತಿ ಉಜ್ಜಿ ತಗಡಿನಲ್ಲಿ ಗೀರು ಬಿದ್ದರೆ ಈ ಗುಣ ನಶಿಸುತ್ತದೆ. ಆಗ ಬಲ್ಲವರಿಂದ ಅರ ಹಾಕಿಸಿ, ನಯಗೊಳಿಸಿ, ಬಾಗನ್ನು ಮತ್ತೆ ತರಿಸಬೇಕು.

ಪರದೇಶದ ವಾದ್ಯಗಳಲ್ಲಿಯೂ ಕುದುರೆಯ ಮಹತ್ವ ಹೀಗೆಯೇ. ಅಮೆರಿಕೆಯ ಬ್ಯಾಂಜೊ ಇದಕ್ಕೆ ಒಳ್ಳೆಯ ನಿದರ್ಶನ. (ನಮ್ಮಲ್ಲಿ ಬುಲ್‌ಬುಲ್ ತರಂಗವನ್ನೂ ಬ್ಯಾಂಜೊ ಎನ್ನುವುದುಂಟು, ಅದು ಬೇರೆ.) ಅಲ್ಲಿ ಹಲಗೆಯ ಬದಲು ಬಿಗಿದ ಪೊರೆ, ಅದರ ಮೇಲೆ ಮೇಪಲ್ ಮರದ ಹಗುರವಾದ ಕುದುರೆ ತಂತಿಗಳ ಒತ್ತಡದಿಂದಲೇ ನಿಲ್ಲುತ್ತದೆ. ಕುದುರೆ ಭಾರವಾದರೆ ಧ್ವನಿ ಮೃದುವಾಗುತ್ತದೆ, ಹಗುರವಾದರೆ ಚುರುಕಾಗುತ್ತದೆ. ಅದರ ನೆಲೆಯನ್ನೂ 12ನೆಯ ಮೆಟ್ಟಿಲಿನ ಪರೀಕ್ಷೆಯಿಂದಲೇ ನಿರ್ಣಯಿಸುತ್ತಾರೆ.

ವೀಣೆ ಶೇಷಣ್ಣನವರಂತಹ ಮಹನೀಯರಿಂದ ಬೆಳಗಿದ ಮೈಸೂರಿನ ವೀಣಾಪರಂಪರೆ ಉಳಿಯಬೇಕಾದರೆ ವಾದಕರಷ್ಟೇ ಸಾಲದು, ವಾದ್ಯ ಬಲ್ಲವರೂ ಬೇಕು. ಬೆಂಗಳೂರಿಗೆ ಸಮೀಪದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಹಲಸಿನ ಮರದಿಂದ ವೀಣೆ ಮಾಡುವವರ ಗ್ರಾಮವೆಂದೇ ಹೆಸರಾಗಿದೆ. ಶಾಲೆಗೆ ಹೊಸ ವಾದ್ಯ ಕೊಡಬಯಸುವ ದಾನಿಗಳು ಹಳೆಯ ವೀಣೆಗಳ ಜೀರ್ಣೋದ್ಧಾರಕ್ಕೂ ಒಂದು ಪಾಲು ತೆಗೆದಿಟ್ಟರೆ ಅದು ಕುಶಲಕರ್ಮಿಗೂ ವಿದ್ಯಾರ್ಥಿಗೂ ಏಕಕಾಲದಲ್ಲಿ ಸಲ್ಲುವ ದಾನವಾದೀತು. ಬೋಧಕರಾದರೋ, ಮಗುವಿಗೆ ಸ್ವರ ಬಾರದೆಂದು ತೀರ್ಮಾನಿಸುವ ಮೊದಲು ಆ ಮಗುವಿನ ಮುಂದಿರುವ ವೀಣೆಯ ಕುದುರೆಯನ್ನು ಒಮ್ಮೆ ಪರೀಕ್ಷಿಸುವುದು ಉಚಿತ.