ಪುಕ್ಕಟೆ ಆಟದ ಗಡಿಯಾರ



ಮಕ್ಕಳ ಕೈಯಲ್ಲಿ ಮೊಬೈಲ್ ಕಂಡಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ. ಅದರಲ್ಲಿ ಕೆಟ್ಟ ಚಿತ್ರಗಳೇನಾದರೂ ಇವೆಯೇ? ಎಷ್ಟು ಹೊತ್ತಿನಿಂದ ಆಡುತ್ತಿದ್ದೀಯೆ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಸಮೂಹ ಮಾಧ್ಯಮಗಳನ್ನು ಅಧ್ಯಯನ ಮಾಡಿದವರು ಮೂರನೆಯ ಪ್ರಶ್ನೆಯೊಂದನ್ನು ನಮ್ಮ ಮುಂದಿಡುತ್ತಾರೆ: ಈ ಆಟದ ನಿಯಮಗಳು ಆಡುವವರಿಗೆ ಏನನ್ನು ರೂಢಿ ಮಾಡಿಸುತ್ತವೆ? ‘ದಿ ಸಿಮ್ಸ್ ಫ್ರೀಪ್ಲೇ’ ಎಂಬ ಮೊಬೈಲ್ ಆಟವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಆಟದ ಹುಟ್ಟು

1991ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಬೆಟ್ಟಗಳಲ್ಲಿ ಭಾರಿ ಬೆಂಕಿ ಹಬ್ಬಿತು. ಮನೆ ಕಳೆದುಕೊಂಡವರಲ್ಲಿ ಕಂಪ್ಯೂಟರ್ ಆಟಗಳನ್ನು ರಚಿಸುತ್ತಿದ್ದ ವಿಲ್ ರೈಟ್ ಎಂಬವರೂ ಒಬ್ಬರು. ಸುಟ್ಟುಹೋದ ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿಕೊಳ್ಳುವಾಗ, ಮನುಷ್ಯನಿಗೆ ನಿಜವಾಗಿ ಬೇಕಾದುದೇನು ಎಂಬ ಯೋಚನೆ ಅವರಿಗೆ ಬಂತು. 2000ದಲ್ಲಿ ಬಿಡುಗಡೆಯಾದ ‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟಕ್ಕೆ ಆ ಯೋಚನೆಯೂ ಒಂದು ಪ್ರೇರಣೆ.

ಆ ಆಟದಲ್ಲಿ ಯುದ್ಧವಿಲ್ಲ, ಗೆಲ್ಲಲೇಬೇಕೆಂಬ ಗುರಿಯೂ ಇಲ್ಲ. ‘ಸಿಮ್’ ಎಂದು ಕರೆಯುವ ಪುಟ್ಟ ಮನುಷ್ಯರಿಗೆ ಮನೆ ಕಟ್ಟಿಕೊಡಬೇಕು, ಉಣಿಸಬೇಕು, ಮಲಗಿಸಬೇಕು, ಕೆಲಸಕ್ಕೆ ಕಳುಹಿಸಬೇಕು, ನೆರೆಯವರೊಡನೆ ಮಾತನಾಡಿಸಬೇಕು. ನಮ್ಮ ಮಕ್ಕಳು ಜಗಲಿಯಲ್ಲಿ ಕುಳಿತು ಆಡುವ ಗೊಂಬೆಯಾಟ, ಅಡುಗೆಯಾಟಗಳ ಸಂಬಂಧಿ ಇದು. ಬದುಕನ್ನು ಅನುಕರಿಸಿ ಬದುಕನ್ನು ಕಲಿಯುವುದು ಮಕ್ಕಳ ಸಹಜ ಗುಣ. ಅದರಲ್ಲಿ ತಪ್ಪೇನೂ ಇಲ್ಲ.

ಇದೇ ಆಟದ ಮೊಬೈಲ್ ರೂಪವಾದ ‘ದಿ ಸಿಮ್ಸ್ ಫ್ರೀಪ್ಲೇ’ಯನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಸಂಸ್ಥೆ 2011ರ ಡಿಸೆಂಬರಿನಲ್ಲಿ ಹೊರತಂದಿತು. ಅದು ತಯಾರಾದದ್ದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಹಳೆಯ ಆಟವನ್ನು ಹಣ ಕೊಟ್ಟು ಕೊಳ್ಳಬೇಕಾಗಿತ್ತು. ಇದನ್ನು ಫೋನಿಗೆ ಇಳಿಸಿಕೊಳ್ಳಲು ಒಂದು ಕಾಸೂ ಬೇಡ.

ಗಡಿಯಾರ ಬದಲಾಯಿತು

ಹಣದ ಜೊತೆಗೆ ಇನ್ನೊಂದು ಸಂಗತಿಯೂ ಬದಲಾಯಿತು. 2000ದ ಆಟದಲ್ಲಿ ಸಿಮ್ ಮಲಗಿದ್ದರೆ, ಆಡುವವರು ಗುಂಡಿಯೊಂದನ್ನು ಒತ್ತಿ ಕಾಲವನ್ನು ಬೇಗಬೇಗ ಓಡಿಸಬಹುದಿತ್ತು. ಅದಕ್ಕೆ ಬೇರೆ ಬೆಲೆ ಇರಲಿಲ್ಲ. ಫ್ರೀಪ್ಲೇಯಲ್ಲಾದರೋ ಸಿಮ್‌ಗಳ ಗಡಿಯಾರ ನಮ್ಮ ಮನೆಯ ಗೋಡೆ ಗಡಿಯಾರದ ಜೊತೆಗೇ ನಡೆಯುತ್ತದೆ. ಕೆಲವು ಕೆಲಸಗಳು ಕ್ಷಣಗಳಲ್ಲಿ ಮುಗಿಯುತ್ತವೆ, ಕೆಲವಕ್ಕೆ ಗಂಟೆಗಳು ಬೇಕು. ಕಟ್ಟಡವೊಂದು ಏಳಲು ದಿನವೇ ಹಿಡಿಯಬಹುದು. ಕಾಯಲಾರದವರಿಗೆ ‘ಲೈಫ್‌ಸ್ಟೈಲ್ ಪಾಯಿಂಟ್’ ಎಂಬ ಅಂಕಗಳಿವೆ. ಅವನ್ನು ತೆತ್ತರೆ ಕೆಲಸ ಕೂಡಲೇ ಮುಗಿಯುತ್ತದೆ. ಈ ಅಂಕಗಳನ್ನು ಆಡಿ ನಿಧಾನವಾಗಿ ಗಳಿಸಬಹುದು, ಇಲ್ಲವೇ ನಿಜವಾದ ಹಣ ಕೊಟ್ಟು ತಕ್ಷಣ ಕೊಳ್ಳಬಹುದು.

ಇಲ್ಲಿರುವ ವ್ಯಾಪಾರವನ್ನು ಗಮನಿಸಿ. ಆಟ ಮೊದಲು ನಮ್ಮನ್ನು ಕಾಯಿಸುತ್ತದೆ, ಆಮೇಲೆ ಕಾಯುವುದರಿಂದ ಬಿಡುಗಡೆಯನ್ನು ಮಾರುತ್ತದೆ. ಗದ್ದೆಯಲ್ಲಿ ಪೈರು ಬೆಳೆಯಲು ತಿಂಗಳುಗಳು ಬೇಕೆಂಬುದು ಪ್ರಕೃತಿಯ ನಿಯಮ. ಪರದೆಯ ಮೇಲಿನ ಗಿಡ ಬೆಳೆಯಲು ಗಂಟೆಗಳು ಬೇಕೆಂಬುದು ಮಾರುವವರೇ ಬರೆದ ನಿಯಮ. ಈ ವ್ಯತ್ಯಾಸ ದೊಡ್ಡವರಿಗೆ ಹೊಳೆಯಬಹುದು. ಮಗುವಿಗೆ ನಾವು ತಿಳಿಸಿ ಹೇಳಬೇಕಾಗುತ್ತದೆ.

ವಿದ್ವಾಂಸರ ಮೂರು ನೋಟಗಳು

ಮೊದಲನೆಯದು ಕೆನಡಾದ ಮಾರ್ಷಲ್ ಮೆಕ್ಲೂಹನ್ ಅವರದು. ಮಾಧ್ಯಮ ಹೊತ್ತು ತರುವ ವಿಷಯಕ್ಕಿಂತ ಮಾಧ್ಯಮದ ಸ್ವರೂಪವೇ ನಮ್ಮನ್ನು ಹೆಚ್ಚಾಗಿ ತಿದ್ದುತ್ತದೆ ಎಂದು ಅವರು 1964ರಲ್ಲಿ ವಾದಿಸಿದರು. ಫ್ರೀಪ್ಲೇಯ ವಿಷಯ ಕುಟುಂಬ ಜೀವನ. ಅದರ ಸ್ವರೂಪ ಮಾತ್ರ ಸದಾ ಜೇಬಿನಲ್ಲಿದ್ದು, ಕೆಲಸ ಮುಗಿದಾಗಲೆಲ್ಲ ಸೂಚನೆ ಕಳುಹಿಸಿ ಕರೆಯುವ ಗಡಿಯಾರ.

ಎರಡನೆಯದು ಅಮೆರಿಕದ ಇಯಾನ್ ಬೊಗೊಸ್ಟ್ ಅವರದು. ಭಾಷಣ ಮಾತಿನಿಂದ ಮನ ಒಲಿಸಿದರೆ, ಆಟ ನಿಯಮಗಳಿಂದ ಮನ ಒಲಿಸುತ್ತದೆ ಎಂದು 2007ರ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದರು. 2000ದ ಸಿಮ್ಸ್ ಆಟದಲ್ಲಿ ದುಬಾರಿ ಹಾಸಿಗೆಯು ಆಯಾಸವನ್ನು ಬೇಗ ಕಳೆಯುತ್ತಿತ್ತು. ‘ಹೆಚ್ಚು ಕೊಳ್ಳಿರಿ’ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಿಯಮವೇ ಹೇಳಿತು. ಆದರೆ ಸಾಮಾನು ಹೆಚ್ಚಿದಷ್ಟೂ ಅವು ಕೆಟ್ಟು ಸಮಯ ತಿನ್ನುವುದರಿಂದ, ಆ ಆಟ ಕೊಳ್ಳುಬಾಕತನದ ವಿಡಂಬನೆಯೇ ಆಗಿದೆ ಎನ್ನುವವರೂ ಇದ್ದಾರೆ.

ಮೂರನೆಯದು ಕೆನಡಾದ ಡಲಾಸ್ ಸ್ಮೈಥ್ ಅವರದು. ವಾಣಿಜ್ಯ ದೂರದರ್ಶನವು ನಿಜವಾಗಿ ಮಾರುವುದು ಕಾರ್ಯಕ್ರಮವನ್ನಲ್ಲ, ವೀಕ್ಷಕರನ್ನು, ಅದೂ ಜಾಹೀರಾತುದಾರರಿಗೆ ಎಂದು ಅವರು 1977ರಲ್ಲಿ ಬರೆದರು. ಜಾಹೀರಾತು ನೋಡಿದರೆ ಬಹುಮಾನ ಕೊಡುವ ಅನೇಕ ಪುಕ್ಕಟೆ ಆಟಗಳಿಗೂ ಈ ಮಾತು ಅನ್ವಯಿಸುತ್ತದೆ. ಹಣ ಕೊಡದವರು ತಮ್ಮ ಗಮನವನ್ನು ಕೊಡುತ್ತಾರೆ.

ಹಸುವಿನ ಪಾಠ

2010ರಲ್ಲಿ ಬೊಗೊಸ್ಟ್ ಇಂಥ ಆಟಗಳನ್ನು ಗೇಲಿ ಮಾಡಲೆಂದೇ ‘ಕೌ ಕ್ಲಿಕ್ಕರ್’ ಎಂಬ ಆಟ ಮಾಡಿದರು. ಅದರಲ್ಲಿದ್ದದ್ದು ಒಂದು ಹಸುವಿನ ಚಿತ್ರ. ಆರು ಗಂಟೆಗೊಮ್ಮೆ ಅದನ್ನು ಒತ್ತಬಹುದಿತ್ತು, ಕಾಯಲಾಗದಿದ್ದರೆ ಹಣ ತೆರಬಹುದಿತ್ತು. ಅಷ್ಟೇ ಆಟ. ಇದು ಹಾಸ್ಯವೆಂದು ತಿಳಿದೂ ಸಾವಿರಾರು ಜನ ಆಡಿದರು. 2011ರಲ್ಲಿ ಅವರು ಹಸುಗಳನ್ನೆಲ್ಲ ಮಾಯ ಮಾಡಿದ ಮೇಲೂ ಕೆಲವರು ಖಾಲಿ ಜಾಗವನ್ನೇ ಒತ್ತುತ್ತಿದ್ದರು! ನಿಯಮ ರೂಢಿಯಾದ ಮೇಲೆ ಆಟದ ಸಂತೋಷ ಇರಲೇಬೇಕೆಂದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆಟ ವಿಶ್ರಾಂತಿಯಾಗಬೇಕು

ಹಾಗೆಂದು ಆಟವನ್ನೇ ಶಂಕಿಸಬೇಕಾಗಿಲ್ಲ. ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಮನಸ್ಸಿಗೂ ಬೇಕು, ಆ ವಿಶ್ರಾಂತಿಯನ್ನು ಆಟ ಕೊಡುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ಬೋಧಿಸಿದರು. ಆಟಕ್ಕೆ ತನ್ನದೇ ಆದ ಸಮಯ ಮತ್ತು ಸ್ಥಳದ ಗಡಿಯಿರುತ್ತದೆ ಎಂದು ಡಚ್ ಇತಿಹಾಸಕಾರ ಯೋಹಾನ್ ಹೈಸಿಂಗಾ 1938ರಲ್ಲಿ ಹೇಳಿದರು. ಸಂಜೆ ಆಡಿದ ಲಗೋರಿ ಕತ್ತಲಾದಾಗ ಮುಗಿಯುತ್ತದೆ, ಮಗು ಕೈಕಾಲು ತೊಳೆದು ಊಟಕ್ಕೆ ಕೂರುತ್ತದೆ. ಫೋನು ಕೆಳಗಿಟ್ಟ ಮೇಲೂ ನಡೆಯುವ ಆಟ ಈ ಗಡಿಯನ್ನು ಅಳಿಸುತ್ತದೆ. ಊಟದ ಹೊತ್ತಿನಲ್ಲೂ ಓದಿನ ಹೊತ್ತಿನಲ್ಲೂ ಅದು ಮಗುವನ್ನು ಕರೆಯುತ್ತಿರುತ್ತದೆ. ಆಗ ಅದು ವಿಶ್ರಾಂತಿಯಲ್ಲ, ಸಂಬಳವಿಲ್ಲದ ದುಡಿಮೆ.

ಹಣದ ಅಪಾಯವೂ ಕಲ್ಪನೆಯದಲ್ಲ. ಮಕ್ಕಳು ನಾನಾ ಆಟಗಳೊಳಗೆ ಪಾಲಕರ ಒಪ್ಪಿಗೆಯಿಲ್ಲದೆ ಮಾಡಿದ ಖರೀದಿಗಳಿಗಾಗಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಕ್ರಮದ ಫಲವಾಗಿ, 2014ರಲ್ಲಿ ಆ್ಯಪಲ್ ಸಂಸ್ಥೆ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಸಂಸ್ಥೆ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಬೇಕಾಯಿತು.

ನಾವು ಮಾಡಬಹುದಾದದ್ದು

1. ಫೋನನ್ನು ಕಿತ್ತುಕೊಳ್ಳುವ ಮೊದಲು ಮಗುವಿನ ಪಕ್ಕದಲ್ಲಿ ಕುಳಿತು, ಆಟವನ್ನು ನಿಮಗೆ ಕಲಿಸಲು ಹೇಳಿ. ಕಲಿಸುವಾಗ ಅದೇ ನಿಯಮಗಳನ್ನು ಬಾಯಿಬಿಟ್ಟು ಹೇಳುತ್ತದೆ.

2. ಖರೀದಿಗೆ ಪಾಸ್‌ವರ್ಡ್ ಇಡಿ. ಅದು ನಿಮಗೆ ಮಾತ್ರ ತಿಳಿದಿರಲಿ.

3. ಆಟ ಕಳುಹಿಸುವ ಸೂಚನೆಗಳನ್ನು ಫೋನಿನಲ್ಲಿ ನಿಲ್ಲಿಸಿ. ಆಟದ ಹೊತ್ತನ್ನು ಮನೆಯ ಗಡಿಯಾರ ನಿರ್ಧರಿಸಲಿ.

4. ಕಾಯುವುದಕ್ಕೆ ಬೆಲೆಯಿರುವ ಕೆಲಸಗಳನ್ನೂ ಮಗುವಿಗೆ ಕೊಡಿ. ಕುಂಡದಲ್ಲಿ ಬಿತ್ತಿದ ಮೆಂತ್ಯ ಮೊಳೆಯುವುದನ್ನು ಹಣ ಕೊಟ್ಟು ಅವಸರ ಮಾಡಲು ಬರುವುದಿಲ್ಲ.

ಕುಟುಂಬದಲ್ಲಿ ಚರ್ಚಿಸಲು

ಅ) ನಮ್ಮ ಮನೆಯಲ್ಲಿ ಆಡುವ ಪುಕ್ಕಟೆ ಆಟಗಳು ಯಾವುವು? ಅವು ಹಣ ಗಳಿಸುವುದು ಹೇಗೆ?

ಆ) ಆಟ ನಮ್ಮನ್ನು ಎಲ್ಲಿ ಕಾಯಿಸುತ್ತದೆ? ಆ ಕಾಯುವಿಕೆ ಯಾರಿಗೆ ಲಾಭ?

ಇ) ಆಡಿ ಎದ್ದಾಗ ಮನಸ್ಸಿಗೆ ವಿಶ್ರಾಂತಿ ಸಿಕ್ಕಿದೆಯೇ, ಚಡಪಡಿಕೆ ಉಳಿದಿದೆಯೇ? ದೊಡ್ಡವರೂ ತಮ್ಮ ಫೋನಿನ ಬಗ್ಗೆ ಈ ಪ್ರಶ್ನೆಗೆ ಉತ್ತರಿಸಲಿ.