ಮೂರೂ ಒಂದೇ ದಿನ ಬೇಡ

ಪ್ರಶ್ನೆ: ಲಂಡನ್ನಿನಿಂದ ಮಗಳು, ಅಳಿಯ ಬರುತ್ತಿದ್ದಾರೆ. ಸಕಲೇಶಪುರದ ನಮ್ಮ ತೋಟದಿಂದ ಹೊರಟು ಮಂಜರಾಬಾದ್ ಕೋಟೆ, ಬೇಲೂರು, ಹಳೇಬೀಡು ಒಂದೇ ದಿನದಲ್ಲಿ ತೋರಿಸಬಹುದೇ? ನನಗೆ ಮಂಡಿನೋವು.

ಉತ್ತರ: ತೋರಿಸಬಹುದಮ್ಮ, ಆದರೆ ಸಂಜೆಗೆ ಎಲ್ಲ ಕಲಸುಮೇಲೋಗರ ಆಗಿರುತ್ತದೆ. ಟಿಪ್ಪುವಿನ ಎಂಟು ಮೂಲೆಯ ಕೋಟೆ ಊರಿಗೆ ಹತ್ತಿರವೇ ಇದೆ. ಅದರ ಮೆಟ್ಟಿಲನ್ನು ಅವರಿಬ್ಬರೇ ಬೇರೆ ದಿನ ಹತ್ತಲಿ.

ನೀವು ಬೆಳಿಗ್ಗೆ ತಿಂಡಿ ಕಟ್ಟಿಕೊಂಡು ನೇರ ಹಳೇಬೀಡಿಗೆ ಹೋಗಿ. ಹೊಯ್ಸಳರ ರಾಜಧಾನಿ ದೋರಸಮುದ್ರ ಅದೇ. 1311ರಲ್ಲಿ ಮಲಿಕ್ ಕಾಫೂರ್ ದಂಡೆತ್ತಿ ಬಂದದ್ದೂ ಅಲ್ಲಿಗೇ. ಹೊಯ್ಸಳೇಶ್ವರನ ಗೋಡೆಯನ್ನು ಕೆಳಗಿನಿಂದ ನೋಡುತ್ತ ಬನ್ನಿ: ಬುಡದಲ್ಲಿ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಬಸದಿಹಳ್ಳಿಯನ್ನು ಮಾತ್ರ ತಪ್ಪಿಸಬೇಡಿ. ಹೆಚ್ಚಿನವರು ಬಸ್ಸಿನ ಆತುರಕ್ಕೆ ಬಿಟ್ಟುಬಿಡುತ್ತಾರೆ; ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಲ್ಲಿ ನಿಮ್ಮ ನೆರಳೇ ಕಾಣುತ್ತದೆ.

ಬೇಲೂರು ಅಲ್ಲಿಂದ 16 ಕಿ.ಮೀ., ವಾಪಸು ಬರುವ ದಾರಿ. 1117ರ ಚೆನ್ನಕೇಶವನಿಗೆ ಸಂಜೆ ಬಿಸಿಲೇ ಚೆನ್ನ. ಮಧ್ಯಾಹ್ನದ ಕಲ್ಲು ಕಾಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಗೈಡ್ ದುಡ್ಡನ್ನು ಮೊದಲೇ ಮಾತಾಡಿಕೊಳ್ಳಿ.